ಎಡಕ್ಕೆ ಬಿದ್ದ ಬಕಲ್

ಅಪ್ಪನ ಅಂಗಡಿಯ ಬ್ಯಾಗುಗಳನ್ನು ಹೊಗಳುವವರು ಸಿಕ್ಕರೆ ನಾನು ಮಾತು ಬದಲಿಸುತ್ತೇನೆ. ಮದುವೆ ಮನೆಗಳಲ್ಲಿ ಈ ಕಾಟ ಹೆಚ್ಚು. ಯಾರೋ ವಯಸ್ಸಾದ ಹೆಂಗಸು ಪಕ್ಕದ ಕುರ್ಚಿಗೆ ಬಂದು ಕೂತು, “ನಿಮ್ಮ ತಂದಿಯವರ ಬ್ಯಾಗು ನಮ್ಮ ಅತ್ತಿಯವರ ಕಡೆ ಇತ್ತರಿ. ನಟ್ಟನಡುವ ಬಕಲ್. ಇನ್ನೂ ಒಂದ ಹೊಲಿಗಿ ಬಿಟ್ಟಿಲ್ಲ ನೋಡ್ರಿ” ಎನ್ನುತ್ತಾರೆ. ಊಟಕ್ಕೆ ಏಳೋಣವೇ ಎಂದು ನಾನು ಕೇಳುತ್ತೇನೆ. ಸಿಡುಕಿ ಎಂಬ ಹೆಸರು ನನಗೆ ಮೊದಲಿನಿಂದಲೂ ಇದೆ, ಇನ್ನೊಂದು ಸಲ ಅನ್ನಿಸಿಕೊಂಡರೆ ಕಳೆದುಹೋಗುವುದೇನೂ ಇಲ್ಲ. ಆ ಬಕಲ್ ನಡುವೆ ಏಕೆ ಬಂತು ಎಂದು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿಲ್ಲ. ಕೇಳದೆಯೇ ಇವತ್ತು ಹೇಳುತ್ತಿದ್ದೇನೆ.

ಅಪ್ಪ ಜೀನು ಮಾಡುವವನು. ಕುದುರೆಯ ಬೆನ್ನಿಗೆ ಹಾಕುವ ಜೀನು, ಟಾಂಗಾ ಎಳೆಯುವ ಕುದುರೆಗೆ ಬೇಕಾದ ಕೊರಳಪಟ್ಟಿ, ಹೊಟ್ಟೆಪಟ್ಟಿ, ಲಗಾಮು ಎಲ್ಲವೂ ಅವನ ಕೈಕೆಲಸ. ಐವತ್ತರ ದಶಕ ಮುಗಿಯುತ್ತ ಬಂದ ಕಾಲದಲ್ಲಿ ಹುಬ್ಬಳ್ಳಿ ಸ್ಟೇಶನ್ನಿನ ಹೊರಗೆ ನಿಲ್ಲುತ್ತಿದ್ದ ಟಾಂಗಾಗಳಲ್ಲಿ ಅಪ್ಪನ ಪಟ್ಟಿ ಹಾಕಿಕೊಂಡ ಕುದುರೆಗಳೇ ಹೆಚ್ಚು. ನಮ್ಮದು ಎರಡು ಕೋಣೆಯ ಮನೆ. ಮುಂದಿನದು ಕೆಲಸಕ್ಕೆ, ಹಿಂದಿನದು ಉಳಿದ ಎಲ್ಲದಕ್ಕೆ. ಭಾನುವಾರ ಚರ್ಚಿಗೆ ಹೋಗುವ ಮುಂಚೆ ಅವ್ವ ನನ್ನನ್ನು ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಆದರೂ ಚರ್ಮದ ವಾಸನೆ ನಮಗಿಂತ ಮುಂಚೆಯೇ ಹೋಗಿ ಬೆಂಚಿನ ಮೇಲೆ ಕೂತಿರುತ್ತಿತ್ತು.

ದಪ್ಪ ಕೊರಳಪಟ್ಟಿ ಹೊಲಿಯುವಾಗ ಅಪ್ಪ ಅವ್ವ ಎದುರುಬದುರು ಕೂರುತ್ತಿದ್ದರು. ಅಪ್ಪ ಆರಿಯಿಂದ ಚರ್ಮಕ್ಕೆ ತೂತು ಹಾಕಿ ಈಚೆಯಿಂದ ಒಂದು ಸೂಜಿ ತೂರಿಸಿದರೆ, ಅವ್ವ ಅದೇ ತೂತಿನಲ್ಲಿ ಆಚೆಯಿಂದ ತನ್ನ ಸೂಜಿ ಕಳಿಸುತ್ತಿದ್ದಳು. ಇಬ್ಬರೂ ಒಟ್ಟಿಗೆ ದಾರ ಎಳೆದರೆ ಹೊಲಿಗೆ ಬಿಗಿಯುತ್ತಿತ್ತು. ಅವರ ಮಾತು, ಜಗಳ, ನಗು ಎಲ್ಲ ಆ ಹೊಲಿಗೆಯ ನಡುವೆಯೇ. ನನಗೆ ಹತ್ತು ವರ್ಷವಾಗಿದ್ದಾಗ ಅವ್ವ ಜ್ವರ ಬಂದು ಹನ್ನೊಂದನೆಯ ದಿನಕ್ಕೆ ತೀರಿಕೊಂಡಳು. ಆಮೇಲೆ ಅಪ್ಪ ಚರ್ಮವನ್ನು ಮೊಣಕಾಲ ನಡುವೆ ಕಟ್ಟಿಗೆಯ ಇಕ್ಕಳದಲ್ಲಿ ಹಿಡಿದು ಎರಡೂ ಸೂಜಿಗಳನ್ನು ಒಬ್ಬನೇ ಆಡಿಸತೊಡಗಿದ. ಹೊಲಿಗೆಯಲ್ಲಿ ಏನೂ ಕಡಿಮೆಯಾಗಲಿಲ್ಲ. ಮನೆಯಲ್ಲಿ ಮಾತು ಮಾತ್ರ ನಿಂತೇಹೋಯಿತು. ಶಾಲೆಯಿಂದ ಬಂದರೆ “ಉಂಡೇನು?” ಎಂದು ಕೇಳುತ್ತಿದ್ದ, ಮಲಗುವಾಗ “ದೀಪಾ ಸಣ್ಣದು ಮಾಡು” ಎನ್ನುತ್ತಿದ್ದ. ಇವೆರಡರ ನಡುವೆ ನಾನು ಗೋಡೆಗೆ ಒರಗಿ ಅವನ ಬೆನ್ನು ನೋಡುತ್ತ ಕೂತಿರುತ್ತಿದ್ದೆ.

ಶಾಲೆಯಲ್ಲೂ ನನಗೆ ಜೊತೆ ಇರಲಿಲ್ಲ. ಅದಕ್ಕೆ ಎರಡು ಕಾರಣ. ಒಂದು ಆ ವಾಸನೆ. ಇನ್ನೊಂದು, ನಾನು ಎಡಚಿ. ಪಾಟಿಯ ಮೇಲೆ ಬರೆಯುವುದು, ಕಲ್ಲು ಹಿಡಿಯುವುದು, ಜಡೆ ಹಾಕಿಕೊಳ್ಳುವುದು ಎಲ್ಲ ಎಡಗೈಯಿಂದಲೇ. ನಮಗೆ ಪಾಠ ಹೇಳುತ್ತಿದ್ದ ಬಾಯಿಯೊಬ್ಬರು ನನ್ನ ಎಡಗೈಯನ್ನು ಕರವಸ್ತ್ರದಿಂದ ಬೆಂಚಿಗೆ ಕಟ್ಟಿ ಬಲಗೈಯಿಂದ ಬರೆಸುತ್ತಿದ್ದರು. ಪಕ್ಕದ ಹುಡುಗಿಯರಿಗೆ ಅದೊಂದು ತಮಾಷೆ. ಅವ್ವನಿಗೆ ಮಾತ್ರ ಅದು ದೊಡ್ಡ ಚಿಂತೆಯಾಗಿತ್ತು. ಜ್ವರದಲ್ಲಿ ಮಲಗಿದ್ದಾಗಲೂ ಅಪ್ಪನಿಗೆ, “ಎಡಚಿ ಅಂತ ನಾಳೆ ಯಾರೂ ಆಡಿಕೋಬಾರದು, ಆಕಿ ಕೈ ತಿದ್ದಸ್ರಿ” ಎಂದು ಹೇಳಿದ್ದಳು. ಅವಳು ಹೋದ ವರ್ಷ ನಾನು ಬಲಗೈಯಿಂದ ಒಂದು ಪುಟ ಬರೆದು ಅಪ್ಪನಿಗೆ ತೋರಿಸಿ, “ಕೈ ತಿದ್ದೇತಿ ಅಪ್ಪಾ, ಈಗ ಎಲ್ಲಾ ಬಲಗೈಲೇ ಮಾಡತೇನಿ” ಎಂದೆ. ಬರೆಯುವುದೊಂದೇ ತಿದ್ದಿತ್ತು, ಉಳಿದದ್ದೆಲ್ಲ ಸುಳ್ಳು. ಆದರೆ ಅಪ್ಪನ ಮುಖ ಆವತ್ತು ಎಷ್ಟು ಹಗುರವಾಯಿತೆಂದರೆ ಆ ಸುಳ್ಳನ್ನು ವಾಪಸು ತೆಗೆದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ.

ಅಪ್ಪನ ಕೆಲಸಕ್ಕೆ ಒಂದು ಕಟ್ಟುಪಾಡು ಇತ್ತು. ಮಾಡಿದವನು ತನ್ನ ಮಾಲನ್ನು ತಾನೇ ಪರೀಕ್ಷೆ ಮಾಡಬಾರದು. ಹೊಸ ಪಟ್ಟಿ ಮುಗಿದ ದಿನ ಸ್ಟೇಶನ್ನಿಗೆ ಹೋಗಿ ಟಾಂಗಾದವನ ಕೈಗೆ ಕೊಟ್ಟು, ಕುದುರೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಟಾಂಗಾದವನು ಕುದುರೆಗೆ ಪಟ್ಟಿ ಬಿಗಿದು ನಾಲ್ಕು ಹೆಜ್ಜೆ ನಡೆಸಬೇಕು, ಅಪ್ಪ ಕಣ್ಣು ಮುಚ್ಚಿ ಕೇಳಬೇಕು. ಚರ್ಮ ಎಲ್ಲಾದರೂ ಕಿರ್ ಎಂದರೆ, ಬಕಲ್ಲಿನ ಮುಳ್ಳು ತಡವರಿಸಿದರೆ, ಪಟ್ಟಿ ವಾಪಸು ಮನೆಗೆ. “ನೋಡಿದರ ಕಣ್ಣು ಮೆಚ್ಚಿಬಿಡತೈತಿ. ಕಿವಿ ಹಂಗ ಮೆಚ್ಚೂದಿಲ್ಲ” ಎನ್ನುತ್ತಿದ್ದ.

ಬ್ಯಾಗಿನ ಕೆಲಸ ಶುರುವಾದದ್ದು ನನ್ನಿಂದಲೇ. ನಾನು ಐದನೆಯ ಇಯತ್ತೆಗೆ ಹೋದಾಗ ಅಪ್ಪ ಕೊರಳಪಟ್ಟಿಯಲ್ಲಿ ಉಳಿದ ಚರ್ಮದಿಂದ ನನಗೊಂದು ಪಾಟಿಚೀಲ ಹೊಲಿದ. ಎರಡು ಬಕಲ್ಲಿನ ಆ ಚೀಲ ಖಾಲಿ ಇದ್ದಾಗಲೇ ನನ್ನ ಹೆಗಲು ಜಗ್ಗುತ್ತಿತ್ತು. ಕುದುರೆ ಬಂತು ಎಂದು ಹುಡುಗಿಯರು ಬೆಂಚಿನ ತುದಿಗೆ ಸರಿದು ಕೂತರು. ಆದರೆ ಮಕ್ಕಳ ಕಣ್ಣು ಪರೀಕ್ಷೆಗೆಂದು ಶಾಲೆಗೆ ಬಂದಿದ್ದ ಲೇಡಿ ಡಾಕ್ಟರೊಬ್ಬರು ಆ ಚೀಲ ಎತ್ತಿ, ತಿರುಗಿಸಿ, ಹೊಲಿಗೆಯ ಮೇಲೆ ಉಗುರಾಡಿಸಿ ನೋಡಿದರು. “ಯಾರು ಮಾಡಿದ್ದವಾ ಇದನ್ನ?” ಎಂದರು. ಮುಂದಿನ ವಾರ ಅವರಿಗೊಂದು ಔಷಧಿ ಪೆಟ್ಟಿಗೆ ಆಯಿತು. ಅದನ್ನು ನೋಡಿ ವಿದ್ಯಾನಗರದ ಪ್ರೊಫೆಸರರೊಬ್ಬರು ಕಾಗದಪತ್ರ ಇಡುವ ಬ್ಯಾಗು ಕೇಳಿದರು, ಆಮೇಲೆ ವಕೀಲರು. ಅಷ್ಟರಲ್ಲಿ ಊರಿನಲ್ಲಿ ಬಸ್ಸು ಹೆಚ್ಚಾಗಿ ಟಾಂಗಾದವರು ಒಬ್ಬೊಬ್ಬರೇ ಕುದುರೆ ಮಾರುತ್ತಿದ್ದರು. ಅಪ್ಪ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಜೀನಿನ ಅಚ್ಚುಗಳನ್ನು ಅಟ್ಟಕ್ಕೆ ಹಾಕಿದ, ಅಷ್ಟೇ.

ಬ್ಯಾಗು ಬಂದ ಮೇಲೆ ಪರೀಕ್ಷೆಗೆ ಕುದುರೆ ಎಲ್ಲಿಂದ ತರುವುದು? ಆ ಕುದುರೆ ನಾನಾದೆ. ಒಂದು ಬ್ಯಾಗು ಮುಗಿದರೆ ಅಪ್ಪ “ಯವ್ವಾ, ಬಾ ಇಲ್ಲೆ” ಎಂದು ಕೂಗುತ್ತಿದ್ದ. ನಾನು ಹೋಗಿ ಅವ್ವನ ಜಾಗದಲ್ಲಿ, ಅವನ ಎದುರಿಗೆ ಕೂರುತ್ತಿದ್ದೆ. ಬ್ಯಾಗು ನನ್ನ ಕೈಗೆ ಕೊಟ್ಟು ಅವನು ಗೋಡೆಯ ಕಡೆ ತಿರುಗುತ್ತಿದ್ದ. ನಾನು ತೆರೆಯಬೇಕು, ಮುಚ್ಚಬೇಕು, ಎದ್ದು ನಡೆಯಬೇಕು. ಅವನು ಕೇಳಬೇಕು. ಮುಗಿದ ಮೇಲೆ ಈ ಕಡೆ ತಿರುಗಿ, ಹಿಡಿಕೆ ಹೇಗನ್ನಿಸಿತು, ಭುಜಕ್ಕೆ ಒತ್ತಿತೇ, ಮುಚ್ಚಳ ಬಿಗಿಯೇ ಎಂದು ಒಂದೊಂದೇ ವಿಚಾರಿಸುತ್ತಿದ್ದ. ಕೆಲವು ಸಲ ಅವ್ವನ ಮಾತು ಬರುತ್ತಿತ್ತು. ಒಮ್ಮೆ ನಕ್ಕ ಕೂಡ. ವಾರಕ್ಕೆ ಒಂದೋ ಎರಡೋ ಸಲ, ಕಾಲು ಗಂಟೆ. ಉಳಿದ ದಿನಗಳನ್ನು ನಾನು ಆ ಕಾಲು ಗಂಟೆಗಾಗಿ ತಳ್ಳುತ್ತಿದ್ದೆ. ಅವನು ಕೂಗುವುದನ್ನು ನಿಲ್ಲಿಸಿಬಿಟ್ಟರೆ ಏನು ಗತಿ ಎಂಬ ಹೆದರಿಕೆ ಮಾತ್ರ ಯಾವಾಗಲೂ ಇರುತ್ತಿತ್ತು.

ನನಗೆ ಹದಿನೈದು ತುಂಬಿದ ವರ್ಷ ದೊಡ್ಡ ಕೆಲಸ ಬಂತು. ಧಾರವಾಡದ ಹತ್ತಿ ವ್ಯಾಪಾರಿಯೊಬ್ಬರ ಮನೆಯ ಮದುವೆ. ಬೀಗರ ಕಡೆಯ ಹನ್ನೆರಡು ಮುತ್ತೈದೆಯರಿಗೆ ಉಡುಗೊರೆ ಕೊಡಲು ಹನ್ನೆರಡು ಹೆಂಗಸರ ಬ್ಯಾಗು. ಆ ಹನ್ನೆರಡು ಜನರಲ್ಲಿ ಮುಂಬೈಯವರು, ಪುಣೆಯವರು ಇದ್ದರು. ಅವರು ಮೆಚ್ಚಿದರೆ ಮನೆಯ ಮುಂದಿನ ಕೋಣೆ ಬಿಟ್ಟು ಪೇಟೆಯಲ್ಲಿ ಅಂಗಡಿ ಮಾಡಬಹುದು ಎಂದು ಅಪ್ಪ ಲೆಕ್ಕ ಹಾಕಿದ್ದ. ತೆಳುವಾದ ಕಂದು ಚರ್ಮ, ಒಳಗೆ ರೇಷ್ಮೆ ಬಟ್ಟೆ, ಮುಚ್ಚಳದ ಮೇಲೆ ಅಡ್ಡಲಾಗಿ ಒಂದು ಸಣ್ಣ ಪಟ್ಟಿ, ಅದರ ತುದಿಗೆ ಹಿತ್ತಾಳೆಯ ಒಂದೇ ಒಂದು ಬಕಲ್. ಅಷ್ಟು ಚೆಂದದ ವಸ್ತು ನಮ್ಮ ಮನೆಯಲ್ಲಿ ಅದಕ್ಕೂ ಮುಂಚೆ ಇರಲಿಲ್ಲ.

ಮೊದಲನೆಯದು ಮುಗಿದ ದಿನ ಅಪ್ಪ ಕರೆದ. ನಾನು ಕೂತೆ, ಅವನು ಗೋಡೆಗೆ ಮುಖ ಮಾಡಿದ. ಹೆಂಗಸರು ಹಾಕಿಕೊಳ್ಳುವ ಹಾಗೆ ಬ್ಯಾಗನ್ನು ಎಡ ಮೊಳಕೈಗೆ ನೇತುಹಾಕಿ ಬಲಗೈಯಿಂದ ಬಕಲ್ ಬಿಚ್ಚಲು ಹೋದೆ. ಮುಳ್ಳು ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದೆ, ಬರಲಿಲ್ಲ. ನನ್ನ ಬಲಗೈ ಮೊದಲಿನಿಂದಲೂ ದಡ್ಡ. ಬಟನ್ ಹಾಕಲು, ಗಂಟು ಬಿಚ್ಚಲು ಎಲ್ಲದಕ್ಕೂ ಅದು ಹೀಗೆಯೇ ತಡವರಿಸುತ್ತಿತ್ತು. ಇದೂ ಅದರದೇ ಹಣೆಬರಹ ಎಂದುಕೊಂಡೆ.

“ಏನಾತು?” ಎಂದ ಅಪ್ಪ, ತಿರುಗದೆ.

ಬ್ಯಾಗನ್ನು ಸಪ್ಪಳವಾಗದಂತೆ ಬಲಗೈಗೆ ದಾಟಿಸಿ ಎಡಗೈಯಿಂದ ಮುಟ್ಟಿದೆ. ಮುಳ್ಳು ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. “ಏನಿಲ್ಲ ಅಪ್ಪಾ. ಸಲೀಸ ಬರತೈತಿ” ಎಂದೆ. ಉಳಿದ ಹನ್ನೊಂದನ್ನೂ ಎಡಗೈಯಿಂದಲೇ ತೆರೆದೆ, ಮುಚ್ಚಿದೆ. ಪ್ರತಿಯೊಂದಕ್ಕೂ ಅಪ್ಪ ಕಣ್ಣು ಮುಚ್ಚಿ ಕೇಳಿ ತಲೆದೂಗಿದ.

ಧಾರವಾಡಕ್ಕೆ ನಾನೂ ಹೋಗಿದ್ದೆ. ನಮ್ಮನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟರು, ನಮಗೆಂದೇ ಬೇರೆ ಲೋಟದಲ್ಲಿ. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಹೆಂಗಸರು ಕೂತಿದ್ದರು. ಬ್ಯಾಗು ಕೈಗೆ ಬಂದ ಕೂಡಲೇ ಎಲ್ಲರೂ ಅಯ್ಯಾ, ಎಷ್ಟು ಛಲೋ ಎಂದು ಸವರಿದರು. ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆಮೇಲೆ ಎಲ್ಲರೂ ಅವನ್ನು ಎಡ ಮೊಳಕೈಗೆ ಹಾಕಿಕೊಂಡು ತೆರೆಯಲು ಹೋದರು. ಬಕಲ್ ಮೊಳಕೈಯ ಕೆಳಗೆ ಅಡಗಿತ್ತು. ಬಲಗೈ ಅಡ್ಡಲಾಗಿ ಹೋಗಿ ತಡಕಾಡಿತು, ಮುಳ್ಳು ಜಪ್ಪೆನ್ನಲಿಲ್ಲ. ಒಬ್ಬರು, ಇಬ್ಬರು, ಹನ್ನೆರಡೂ ಜನ. ಕೊನೆಗೆ ಒಬ್ಬಳು ಬ್ಯಾಗನ್ನು ಬಲ ಮೊಳಕೈಗೆ ಬದಲಿಸಿ ಎಡಗೈಯಿಂದ ತೆರೆದು, “ನೋಡ್ರಿ, ಹಿಂಗ ಬರತೈತಿ” ಎಂದಳು.

ಆ ಮನೆಯ ಹಿರಿಯ ಹೆಂಗಸು ಎದ್ದು ನಿಂತರು. “ಎಡಗೈಲೆ ಕುಂಕುಮದ ಭರಣಿ ತಗಿಯೂದೇನು? ಮದುವಿ ಮನಿಯಾಗ ಎಡಗೈಲೆ ಕೊಡೂದು ತಗೊಳ್ಳೂದು ಮಾಡಬೇಕೇನು ನಾವು?”

“ಕುದುರಿ ಸಾಮಾನು ಮಾಡಾವರಲ್ಲೇನ್ರಿ ಅವರು,” ಎಂದಳು ಇನ್ನೊಬ್ಬಳು. “ಕುದುರಿಗೆ ಬಲಗೈ ಎಲ್ಲಿರತೈತಿ!”

ಪಡಸಾಲೆ ತುಂಬ ನಗು. ಅಪ್ಪನಿಗೆ ಆಗ ಹೊಳೆಯಿತು, ಅವನ ಮುಖದಲ್ಲಿ ಅದು ಕಂಡಿತು. ಕುದುರೆಯನ್ನು ಯಾವಾಗಲೂ ಎಡಗಡೆಯಿಂದ ಹತ್ತುತ್ತಾರೆ, ಎಡಗಡೆ ನಿಂತೇ ಪಟ್ಟಿ ಬಿಗಿಯುತ್ತಾರೆ. ಅದಕ್ಕೆ ಜೀನಿನವರ ಕೈ ಬಕಲ್ಲನ್ನು ಎಡಕ್ಕೆ ಇಡುತ್ತದೆ. ಇಪ್ಪತ್ತೈದು ವರ್ಷ ಹಾಗೆ ಇಟ್ಟ ಕೈ ಕೇಳದೆ ಇಲ್ಲಿಯೂ ಹಾಗೆಯೇ ಇಟ್ಟಿತ್ತು. ಅಪ್ಪ ಎದ್ದು ಕೈಮುಗಿದು, “ತಪ್ಪಾತ್ರಿ ಅವ್ವಾರ. ನಾಕ ದಿನಾ ಕೊಡ್ರಿ, ತಿದ್ದಿ ತರತೇನಿ” ಎಂದ. ಹನ್ನೆರಡನ್ನೂ ಧೋತರದಲ್ಲಿ ಗಂಟು ಕಟ್ಟಿಕೊಂಡು ಸ್ಟೇಶನ್ನಿಗೆ ನಡೆದೆವು.

ರೈಲಿನಲ್ಲಿ ಅಪ್ಪ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಬಹಳ ಹೊತ್ತಿನ ಮೇಲೆ, “ಕೈ ತಪ್ಪಿದ್ದು ಇರಲಿ. ಹನ್ನೆರಡು ಸಲ ಕೇಳೇನಿ, ಕಿವಿಗೆ ಒಮ್ಮೆನೂ ಗೊತ್ತಾಗಲಿಲ್ಲಲ್ಲ” ಎಂದ. ನನಗಲ್ಲ, ಕಿಟಕಿಗೆ ಹೇಳಿದ ಹಾಗಿತ್ತು. ಎಡಗೈಯ ವಿಷಯ ಹೇಳಿದರೆ ಐದು ವರ್ಷದ ಸುಳ್ಳುಗಳೆಲ್ಲ ಒಂದೇ ಸಲಕ್ಕೆ ಹೊರಬೀಳುತ್ತವೆ. ಕೈ ತಿದ್ದಿಲ್ಲ ಎಂದು ಗೊತ್ತಾಗುತ್ತದೆ, ನನ್ನ ಪರೀಕ್ಷೆ ಪರೀಕ್ಷೆಯೇ ಅಲ್ಲ ಎಂದು ಗೊತ್ತಾಗುತ್ತದೆ, ಇನ್ನು ಅವನು ನನ್ನನ್ನು ಕರೆಯುವುದಿಲ್ಲ. ಬೈರಿದೇವರಕೊಪ್ಪ ದಾಟುವ ತನಕ ನಾಳೆ ಹೇಳೋಣ ಎಂದುಕೊಂಡೆ. ಹುಬ್ಬಳ್ಳಿ ಬಂದಾಗ ಇಳಿದು ಅವನ ಹಿಂದೆ ನಡೆದೆ.

ಮರುದಿನ ಅಪ್ಪ ಹನ್ನೆರಡರ ಹೊಲಿಗೆಯನ್ನೂ ಬಿಚ್ಚಿ ಅಡ್ಡಪಟ್ಟಿ ತೆಗೆದ. ಮುಚ್ಚಳದ ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಇನ್ನೊಂದು ಪಟ್ಟಿ ಹೊಲಿದು ಅಲ್ಲಿ ಬಕಲ್ ಕೂರಿಸಿದ. ಈಗ ಯಾವ ಕೈಯಾದರೂ ಸರಿ. ನೋಡಲಿಕ್ಕೂ ಎಷ್ಟು ಗಂಭೀರವಾಗಿ ಕಾಣುತ್ತಿತ್ತೆಂದರೆ, ನಗಾಡಿದ ಹೆಂಗಸರೇ ಮುಂಬೈಗೆ ಹೋಗಿ ಸುದ್ದಿ ಹಬ್ಬಿಸಿದರು. ಆರು ತಿಂಗಳಲ್ಲಿ ಪೇಟೆಯಲ್ಲಿ ಅಂಗಡಿಯಾಯಿತು. ಗಾಜಿನ ಕಪಾಟು, ಮಖಮಲ್ಲಿನ ಹಾಸು, ಪ್ರತಿ ಬ್ಯಾಗಿಗೂ ಒಂದು ಬಿಳಿ ಅರಿವೆಯ ಗವಸು. ಮೋಟಾರಿನಲ್ಲಿ ಗಿರಾಕಿಗಳು ಬರತೊಡಗಿದರು. ಒಂದು ಬ್ಯಾಗಿಗೆ ಮೂರು ತಿಂಗಳು ಕಾಯಬೇಕು ಎಂದರೆ ಅವರಿಗೆ ಇನ್ನೂ ಖುಷಿ. ದೊಡ್ಡವರ ಸ್ವಭಾವ ನನಗೆ ಅಲ್ಲೇ ಸ್ವಲ್ಪ ಗೊತ್ತಾದದ್ದು.

ಆದರೆ ಆ ಹನ್ನೆರಡು ಮುಗಿದ ಮೇಲೆ ಅಪ್ಪ ಸೂಜಿ ಹಿಡಿಯಲಿಲ್ಲ. ಮೀರಜ್ ಕಡೆಯಿಂದ ಇಬ್ಬರು ಕಾರಿಗರನ್ನು ಕರೆಸಿದ. ಚರ್ಮ ಆರಿಸುವುದು, ಗೆರೆ ಹಾಕಿ ಕೊಡುವುದು, ಗಿರಾಕಿಗಳೊಡನೆ ಮಾತಾಡುವುದು ಅವನದು, ಹೊಲಿಗೆ ಅವರದು. ಅಂಗಡಿಯ ಓಡಾಟದಲ್ಲಿ ಬಿಡುವಿಲ್ಲ ಎಂದು ಜನ ತಿಳಿದರು, ನಾನೂ ಹಾಗೆಯೇ ತಿಳಿದೆ. ನಡುವಿನ ಬಕಲ್ಲಿಗೆ ಪರೀಕ್ಷೆಯೂ ಬೇಕಾಗಲಿಲ್ಲ. ಗೋಪನಕೊಪ್ಪದ ಕಡೆ ನಾಲ್ಕು ಕೋಣೆಯ ಮನೆ ಮಾಡಿದೆವು. ಅಲ್ಲಿ ಚರ್ಮದ ವಾಸನೆ ಇರಲಿಲ್ಲ. ನನಗೊಂದು ಕೋಣೆ, ಅಪ್ಪನಿಗೊಂದು ಕೋಣೆ, ನಡುವೆ ಯಾರೂ ಕೂರದ ಪಡಸಾಲೆ. ಕಾಲೇಜಿನಿಂದ ಬಂದು ಓದುತ್ತ ಕೂತರೂ ನನ್ನ ಕಿವಿ ಬಾಗಿಲ ಕಡೆಯೇ ಇರುತ್ತಿತ್ತು. “ಯವ್ವಾ, ಬಾ ಇಲ್ಲೆ” ಎಂಬ ಕೂಗು ಆ ಮನೆಯಲ್ಲಿ ಒಂದು ದಿನವೂ ಕೇಳಲಿಲ್ಲ. ಆ ವರ್ಷಗಳಲ್ಲಿ ನಾನು ಎಷ್ಟು ಒಂಟಿಯಾಗಿದ್ದೆ ಎಂದು ಹೇಳಿಕೊಳ್ಳಲು ಕೂಡ ಯಾರೂ ಇರಲಿಲ್ಲ.

ಆರು ವರ್ಷ ಹೀಗೆ ಹೋಯಿತು. ನನಗೆ ಸರಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಒಂದು ಶನಿವಾರ ಶಾಲೆ ಮುಗಿಸಿ ಮಧ್ಯಾಹ್ನ ಅಪ್ಪನ ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋದೆ. ಕಾರಿಗರಿಬ್ಬರೂ ಊರಿಗೆ ಹೋಗಿದ್ದರು. ಒಬ್ಬ ವಯಸ್ಸಾದ ಹೆಂಗಸು ಬ್ಯಾಗು ತಂದಿದ್ದರು. ಹಿಡಿಕೆಯ ಬುಡದಲ್ಲಿ ದಾರ ಸವೆದಿತ್ತು. ಸಂಜೆ ರೈಲಿಗೆ ಹೊರಟವರು, ಅಲ್ಲೇ ಹೊಲಿದು ಕೊಡಿರಿ ಎಂದು ಎರಡೆರಡು ಸಲ ಕೇಳಿದರು. ಅಪ್ಪ ಬಹಳ ಮರ್ಯಾದೆಯಿಂದ, “ಇಲ್ಲರಿ ತಾಯಿ, ಸೋಮವಾರ ಕಾರಿಗರು ಬರತಾರ” ಎಂದು ಕಳಿಸಿಬಿಟ್ಟ. ಅವರು ಬ್ಯಾಗನ್ನು ಕಂಕುಳಲ್ಲಿ ಒತ್ತಿಹಿಡಿದುಕೊಂಡು ಹೋದರು.

ನನಗೆ ಸಿಟ್ಟು ಬಂತು. “ಮೂರ ಹೊಲಿಗಿ ಅಪ್ಪಾ! ಕುಂತ ಜಾಗಾದಾಗ ಹಾಕಬಹುದಿತ್ತು. ಅಷ್ಟು ದೊಡ್ಡಸ್ತಿಕಿ ಬಂತೇನು ನಿನಗ?”

“ದೊಡ್ಡಸ್ತಿಕಿ ಅಲ್ಲವಾ,” ಎಂದ. ಗಾಜಿನ ಮೇಲೆ ಇಟ್ಟ ಎರಡೂ ಕೈಗಳನ್ನು ನೋಡುತ್ತಿದ್ದ. “ಕೈ ತಪ್ಪಿದರ ತಿದ್ದಬಹುದು. ತಪ್ಪಿದ್ದು ಕಿವಿಗೆ ಕೇಳಲಿಲ್ಲ ಅಂದ್ರ ಸೂಜಿ ಕೆಳಗ ಇಡಬೇಕು. ನಮ್ಮ ಅಪ್ಪನೂ ಹಂಗ ಇಟ್ಟಾಂವ. ಅವತ್ತ ಹನ್ನೆರಡೂ ನನಗ ಸಲೀಸ ಕೇಳಿದ್ವು.”

ಆಗ ನನಗೆ ತಿಳಿಯಿತು. ಬಿಡುವಿಲ್ಲದೆ ಅಲ್ಲ, ಅವನು ತನ್ನ ಕಿವಿ ಸತ್ತಿತೆಂದು ತಿಳಿದು ಕೆಲಸ ಬಿಟ್ಟಿದ್ದ. ಪಕ್ಕದ ಸ್ಟೂಲಿನ ಮೇಲೆ ಕೂತೆ. ಕೂತು ಎಲ್ಲ ಹೇಳಿದೆ. ಕೈ ತಿದ್ದಿಲ್ಲ ಎಂದು, ಹನ್ನೆರಡನ್ನೂ ಎಡಗೈಯಿಂದ ತೆರೆದೆ ಎಂದು.

“ಮೊದಲನೇದು ಬಲಗೈಲೆ ತಗದಿದ್ದೇನು?” ಎಂದು ಅಪ್ಪ ಕೇಳಿದ.

“ಹೂಂ. ಸಿಕ್ಕೊಂಡಿತ್ತು.”

“ಸಿಕ್ಕೊಂಡಿದ್ದು ಕೇಳಿತ್ತು ನನಗ. ಏನಾತು ಅಂದೆ.”

“ಹೂಂ. ನಾ ಏನಿಲ್ಲ ಅಂದೆ.”

ಅಪ್ಪ ಬಲಗೈಯ ಹೆಬ್ಬೆರಳಿನಿಂದ ತೋರುಬೆರಳಿನ ಬದಿ ಉಜ್ಜುತ್ತಿದ್ದ. ದಾರ ಎಳೆದೆಳೆದು ಅಲ್ಲಿ ಗಟ್ಟಿಯಾಗಿದ್ದ ಚರ್ಮ ಈಗ ಮೆತ್ತಗಾಗಿತ್ತು.

“ಯಾಕ ಹೇಳಲಿಲ್ಲವಾ?”

“ಹೇಳಿದ್ದರ ನೀ ಮತ್ತ ನನ್ನ ಕರೀತಿರಲಿಲ್ಲ ಅಪ್ಪಾ. ಎದುರಿಗೆ ಕುಂಡ್ರಸತಿರಲಿಲ್ಲ. ಅದಕ್ಕ ಅಂಜಿದೆ.”

“ಆಮ್ಯಾಲೆ ಕರದ್ನೇನು?” ಎಂದ.

ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿ ನೆನಪು ಮಾಡಿಕೊಳ್ಳುವವನ ಹಾಗೆ, ಕರೆದಿದ್ದರೂ ಕರೆದಿರಬಹುದು ಎನ್ನುವವನ ಹಾಗೆ ನನ್ನ ಮುಖ ನೋಡಿ ಕೇಳಿದ. ಇಲ್ಲ ಎಂದು ತಲೆಯಾಡಿಸಿದೆ. ಅಷ್ಟರಲ್ಲಿ ಅಂಗಡಿಯ ಮುಂದೆ ಮೋಟಾರು ಬಂದು ನಿಂತಿತು. ಅಪ್ಪ ಎದ್ದು, ಕೋಟು ಸರಿಮಾಡಿಕೊಂಡು “ಬರ್ರಿ, ಬರ್ರಿ” ಎಂದ. ನಾನು ಕೂತಿದ್ದ ಸ್ಟೂಲು ಗಿರಾಕಿಗಳದು. ಎದ್ದು ಅವರಿಗೆ ಜಾಗ ಬಿಟ್ಟೆ.